ದುಡಿಮೆ ಧಣಿಗೆ, ದೇಹ ಯಾರಿಗೆ?

ಸೊಲ್ಲಾಪುರದ ಚರಿತ್ರೆಯನ್ನು ಬರೆಯುವವರು 1930ರ ಮೇ ತಿಂಗಳನ್ನು ಮರೆಯುವುದಿಲ್ಲ. ಊರಿನ ಮೇಲೆ ಸೈನಿಕ ಶಾಸನ ಬಿದ್ದದ್ದು, ಮರುವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಎಂಬ ನಾಲ್ವರು ಯರವಡಾ ಸೆರೆಮನೆಯಲ್ಲಿ ನೇಣುಗಂಬವೇರಿದ್ದು, ಇವೆಲ್ಲ ಗ್ರಂಥಗಳಲ್ಲಿಯೂ ಚೌಕಗಳ ಹೆಸರುಗಳಲ್ಲಿಯೂ ಉಳಿದಿವೆ. ಅದು ಉಳಿಯತಕ್ಕದ್ದೇ. ಆದರೆ ಅದೇ ಊರಿನಲ್ಲಿ, ಗಿರಣಿಯ ಭೋಂಗಾ ಕೂಗಿದಾಗ ಜ್ವರದಿಂದ ಏಳಲಾರದೆ ಮಲಗಿದ್ದ ಕೂಲಿಕಾರನ ಚರಿತ್ರೆಯನ್ನು ಯಾರೂ ಬರೆದಿಲ್ಲ. ಅವನು ಯಾವ ವೈದ್ಯನ ಬಳಿಗೆ ಹೋದ, ಯಾರನ್ನು ಕೇಳಿ ಹೋದ, ಬಂದ ಕಾಯಿಲೆಯ ಹೆಸರು ಯಾರ ಯಾರ ಕಿವಿಗೆ ಬಿದ್ದಿತು, ಗುಣವಾಗಿ ಮರಳಿದಾಗ ಮಗ್ಗದ ಮುಂದೆ ಅವನ ಜಾಗ ಇದ್ದಿತೇ ಎಂಬ ಪ್ರಶ್ನೆಗಳು ಚಿಕ್ಕವಾಗಿ ಕಾಣುತ್ತವೆ. ಆದರೆ ದುಡಿಯುವವನ ದೇಹದ ಮೇಲೆ ಧಣಿಗೆ ಎಷ್ಟರ ಮಟ್ಟಿನ ಅಧಿಕಾರ ಎಂಬ ದೊಡ್ಡ ಪ್ರಶ್ನೆಯು ಇವುಗಳಲ್ಲಿಯೇ ಅಡಗಿದೆ. ಗಡಿನಾಡಿನ ಕನ್ನಡಿಗರಾದ ನಮ್ಮ ಹಿರಿಯರು ಗಿರಣಿಯಲ್ಲಿಯೂ ಕಾಫಿ ಚಹಾ ತೋಟಗಳಲ್ಲಿಯೂ ಕಬ್ಬಿನ ಗದ್ದೆಯಲ್ಲಿಯೂ ದುಡಿದವರಾದುದರಿಂದ ಈ ಪ್ರಶ್ನೆ ನಮಗೆ ಪರಕೀಯವಲ್ಲ.

ಕಥೆಯನ್ನು ತೋಟಗಳಿಂದ ಆರಂಭಿಸುವುದು ಯುಕ್ತ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ವಯನಾಡು ಮತ್ತು ನೀಲಗಿರಿಗಳಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಹಬ್ಬಿದವು. ಮೈಸೂರು ಸೀಮೆಯಿಂದ ಕನ್ನಡ ಮಾತನಾಡುವ ಕೂಲಿಗಳು ಮೇಸ್ತ್ರಿಗಳ ಹಿಂದೆ ಘಟ್ಟ ಪ್ರದೇಶಕ್ಕೆ ನಡೆದರು. ಮೇಸ್ತ್ರಿಯು ಊರಿನಲ್ಲಿ ಮುಂಗಡ ಕೊಡುವನು. ಕೂಲಿಯು ಅದನ್ನು ತೋಟದಲ್ಲಿ ದುಡಿದು ತೀರಿಸಬೇಕು. ಈ ಮುಂಗಡಕ್ಕೆ ಬೆನ್ನೆಲುಬಾಗಿ ನಿಂತದ್ದು 1859ರ ಕರಾರುಭಂಗದ ಕಾಯ್ದೆ. ಮುಂಗಡ ಪಡೆದ ಕೆಲಸಗಾರನು ಸಮಂಜಸ ಕಾರಣವಿಲ್ಲದೆ ಕೆಲಸ ಬಿಟ್ಟರೆ ಧಣಿಯು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದಾಗಿತ್ತು. ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸುವಂತೆ ಅಥವಾ ಕೆಲಸ ಮುಗಿಸುವಂತೆ ಆಜ್ಞಾಪಿಸಬಹುದಾಗಿತ್ತು. ಆಜ್ಞೆ ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ. ತೋಟಗಾರರ ಒತ್ತಾಯದಿಂದ ಮದರಾಸು ಸರ್ಕಾರವು 1903ರಲ್ಲಿ ತೋಟಗಳಿಗಾಗಿಯೇ ಬೇರೊಂದು ಕಾಯ್ದೆಯನ್ನು ತಂದಿತು.

ಇಲ್ಲಿ 'ಸಮಂಜಸ ಕಾರಣ' ಎಂಬ ಮಾತನ್ನು ಗಮನಿಸಬೇಕು. ವಯನಾಡಿನ ಮಲೇರಿಯಾ ಅಂದಿನ ಕಾಲದಲ್ಲಿ ಹೆಸರಾದದ್ದು. ಜ್ವರವು ಸಮಂಜಸ ಕಾರಣವೇ ಹೌದು. ಆದರೆ ಜ್ವರ ನಿಜವೋ ಸೋಮಾರಿತನವೋ ಎಂದು ಹೇಳುವವರು ಯಾರು? ತೋಟದಲ್ಲಿ ಔಷಧ ಕೊಡುವವನು ತೋಟದ ಸಂಬಳಗಾರ. ಹಾಜರಿ ಪುಸ್ತಕ ಬರೆಯುವವನೂ ತೋಟದ ಸಂಬಳಗಾರ. ಊರಿಗೆ ಹೋಗಿ ತನ್ನವರ ಬಳಿ ಆರೈಕೆ ಪಡೆಯುತ್ತೇನೆಂದು ಹೊರಟ ಕೂಲಿಯು ಕಾನೂನಿನ ಕಣ್ಣಿಗೆ ಕರಾರು ಮುರಿದವನಂತೆ ಕಾಣುವ ಅಪಾಯವಿತ್ತು. ಹೀಗೆ ಚಿಕಿತ್ಸೆಯ ಸ್ಥಳ, ಕಾಲ, ವೈದ್ಯ ಮೂರೂ ಧಣಿಯ ಅಂಕೆಯೊಳಗೆ ಬಂದವು. ಯಾವ ಧಣಿಯೂ ಕ್ರೂರಿಯಾಗಿರಬೇಕಾದ ಅಗತ್ಯವಿರಲಿಲ್ಲ. ಕ್ವಿನೈನ್ ಹಂಚಿದ ದಯಾಳುಗಳೂ ಇದ್ದಿರಬಹುದು. ದಯೆಯೇ ಆದರೂ ಅದು ಕೂಲಿಯ ಹಕ್ಕಾಗಿರಲಿಲ್ಲ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. 1859ರ ಕಾಯ್ದೆಯು 1925ರ ಶಾಸನದಿಂದ ರದ್ದಾಯಿತು. ಅಷ್ಟು ಹೊತ್ತಿಗೆ ಅದರ ನೆರಳಿನಲ್ಲಿ ಎರಡು ಮೂರು ತಲೆಮಾರುಗಳು ಕಳೆದಿದ್ದವು.

ಇನ್ನು ಗಿರಣಿಗಳ ಕಡೆಗೆ ಬರೋಣ. ಸೊಲ್ಲಾಪುರದಲ್ಲಿ ಜನರ ಬಾಯಲ್ಲಿ 'ಜೂನಿ ಮಿಲ್' ಎನಿಸಿಕೊಂಡ ಮೊದಲ ಗಿರಣಿಯು 1870ರ ದಶಕದಲ್ಲಿ ತಲೆಯೆತ್ತಿತು. ಅನಂತರ ಲಕ್ಷ್ಮೀ, ವಿಷ್ಣು, ನರಸಿಂಗಗಿರಜಿ ಮೊದಲಾದ ಗಿರಣಿಗಳು ಬಂದವು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಮಾತುಗಳು ಒಂದೇ ಖಾತೆಯಲ್ಲಿ ಕೇಳಿಸುತ್ತಿದ್ದ ಊರು ಇದು. ಇಲ್ಲಿ ಸೆರೆವಾಸದ ಭಯವಿರಲಿಲ್ಲ. ಅದರ ಬದಲು 'ಬದಲಿ' ಎಂಬ ಪದ್ಧತಿ ಇತ್ತು. ಪ್ರತಿದಿನ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಕೆಲಸವಿಲ್ಲದವರು ಕಾದು ನಿಲ್ಲುವರು. ಯಾವನು ಬರಲಿಲ್ಲವೋ ಅವನ ಜಾಗಕ್ಕೆ ಮುಕ್ಕಾದಮನು ಒಬ್ಬನನ್ನು ಆರಿಸುವನು. ಕೆಲಸ ಕೊಡುವವನೂ ರಜೆ ಕೊಡಿಸುವವನೂ ಮರಳಿ ಒಳಗೆ ಸೇರಿಸಿಕೊಳ್ಳುವವನೂ ಮುಕ್ಕಾದಮನೇ. ವಿಟ್ಲಿ ಆಯೋಗವೆಂದು ಪ್ರಸಿದ್ಧವಾದ ರಾಜಕೀಯ ಕಾರ್ಮಿಕ ಆಯೋಗವು 1931ರ ವರದಿಯಲ್ಲಿ ಈ ಮಧ್ಯವರ್ತಿಗಳ ಅಧಿಕಾರವನ್ನು ಕಟುವಾಗಿ ವಿಮರ್ಶಿಸಿತು. ಕಾಯಿಲೆ ಬಿದ್ದವನು ಮೊದಲು ತನ್ನ ಕಾಯಿಲೆಯನ್ನು ಅರಿಕೆ ಮಾಡಿಕೊಳ್ಳಬೇಕಾದದ್ದು ವೈದ್ಯನಿಗಲ್ಲ, ಮುಕ್ಕಾದಮನಿಗೆ. ಕ್ಷಯವೆಂದೋ ಮತ್ತಾವ ಹೇಳಬಾರದ ರೋಗವೆಂದೋ ಬಾಯಿಬಿಟ್ಟರೆ ಕೆಲಸ ಹೋಯಿತು. ಬಚ್ಚಿಟ್ಟು ದುಡಿದರೆ ಜೀವ ಹೋಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ಸ್ಪಷ್ಟವಾಗಿ ಕಂಡಿತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸವಲತ್ತಿನ ಮಸೂದೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವಾದುದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರ್ಕಾರ ಹೊರಬೇಕೆಂದೂ, ಆದರೂ ಧಣಿಯು ಹೊಣೆಯಿಂದ ಪೂರ್ತಿ ನುಣುಚಿಕೊಳ್ಳಲಾಗದೆಂದೂ ಅವರ ವಾದ. 1929ರಲ್ಲಿ ಮಸೂದೆಯು ಕಾಯ್ದೆಯಾಯಿತು. ಭಾರತದಲ್ಲಿ ಅಂಥದು ಅದೇ ಮೊದಲು. ಆದರೆ ಹಣವನ್ನು ಪ್ರತಿಯೊಬ್ಬ ಧಣಿಯೂ ತನ್ನ ಕೈಯಿಂದಲೇ ಕೊಡಬೇಕೆಂದಾಯಿತು. ಫಲವೇನು? ಯಾವ ಹೆಂಗಸು ಬಸುರಿ ಎಂದು ತಿಳಿಯುವುದರಲ್ಲಿ ಧಣಿಗೆ ಹಣದ ಆಸಕ್ತಿ ಹುಟ್ಟಿತು. ಗರ್ಭದ ಮೊದಲ ಚಿಹ್ನೆ ಕಂಡೊಡನೆ ಕೆಲಸದಿಂದ ತೆಗೆಯುವ ಚಾಳಿ ಬೆಳೆಯಿತೆಂದು ಮುಂದಿನ ವಿಚಾರಣೆಗಳಲ್ಲಿ ದೂರುಗಳು ಕೇಳಿಬಂದವು. ಉಪಕಾರಕ್ಕೆಂದು ಮಾಡಿದ ಕಾಯ್ದೆಯೇ ಹೆಂಗಸಿನ ಮೈಮೇಲೆ ಮೇಲ್ವಿಚಾರಕನ ಕಣ್ಣು ನೆಡುವಂತೆ ಮಾಡಿತು.

ಈ ಅನುಭವದಿಂದ ಒಂದು ಪಾಠ ಹೊರಟಿತು: ಚಿಕಿತ್ಸೆಯ ಖರ್ಚನ್ನು ಧಣಿ ಕೊಡಲಿ, ಆದರೆ ಚಿಕಿತ್ಸೆಯು ಅವನ ಕೈಯಲ್ಲಿ ಇರಕೂಡದು. ಪ್ರೊ. ಬಿ. ಪಿ. ಅಡಾರ್ಕರರು 1944ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ಆರೋಗ್ಯ ವಿಮೆಯ ವರದಿಯ ಹಿಂದೆ ಇದ್ದದ್ದು ಸಾಮಾನ್ಯ ನಿಧಿಯ ಈ ತತ್ತ್ವ. ಅದರ ಆಧಾರದ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಅಂಗೀಕೃತವಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಧಣಿಯೂ ಕಾರ್ಮಿಕನೂ ವಂತಿಗೆ ಕೊಡುವರು. ಹಣ ನಿಗಮಕ್ಕೆ ಸೇರುವುದು. ಔಷಧ ಮತ್ತು ರಜೆಭತ್ಯೆ ನಿಗಮದಿಂದ ಬರುವುವು. ಮಹಾರಾಷ್ಟ್ರದಲ್ಲಿ ಪ್ಯಾನೆಲ್ ಪದ್ಧತಿ ಬಂದು, ಕಾರ್ಮಿಕನು ಪಟ್ಟಿಯಲ್ಲಿರುವ ಖಾಸಗಿ ವೈದ್ಯರ ಬಳಿಗೆ ಹೋಗುವಂತಾಯಿತು. ಕಾಯ್ದೆಯ 73ನೆಯ ಕಲಮು ಇನ್ನೂ ಮುಂದೆ ಹೋಯಿತು: ಕಾರ್ಮಿಕನು ಕಾಯಿಲೆಯ ಅಥವಾ ಹೆರಿಗೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಧಣಿಯು ಅವನನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ, ಕೊಟ್ಟ ನೋಟೀಸು ಅಸಿಂಧು. ಆಸ್ಪತ್ರೆಯ ಉದ್ದನೆಯ ಸಾಲು, ಸಿಗದ ಮಾತ್ರೆ, ಗುಮಾಸ್ತನ ಗದರಿಕೆ ಇವುಗಳ ಬಗ್ಗೆ ದೂರಿಲ್ಲದ ಗಿರಣಿಯ ಮನೆ ಇರಲಾರದು. ಆದರೂ ಆ ಸಾಲಿನಲ್ಲಿ ನಿಂತವನು ಮುಕ್ಕಾದಮನ ಮುಂದೆ ಕೈಮುಗಿದು ನಿಂತಿರಲಿಲ್ಲ. ಈ ಅಂತರವು ಸಣ್ಣದಲ್ಲ.

ಇಷ್ಟಾದರೂ ಘಟ್ಟದ ಮೇಲಿನ ನಮ್ಮ ಬಂಧುಗಳಿಗೆ ಈ ಭಾಗ್ಯ ದೊರೆಯಲಿಲ್ಲ. ತೋಟಗಳನ್ನು ವಿಮೆಯ ಹೊರಗಿರಿಸಿ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆಯನ್ನು ಪ್ರತ್ಯೇಕವಾಗಿ ಮಾಡಲಾಯಿತು. ವಸತಿ, ಕುಡಿಯುವ ನೀರು, ಶಿಶುವಿಹಾರ, ವೈದ್ಯಕೀಯ ಸೌಕರ್ಯ ಇವನ್ನೆಲ್ಲ ತೋಟದ ಮಾಲೀಕನೇ ಒದಗಿಸಬೇಕೆಂದು ಅದು ವಿಧಿಸಿತು. ಕಾಡಿನ ನಡುವಿನ ತೋಟಕ್ಕೆ ಬೇರೆ ಆಸ್ಪತ್ರೆ ಎಲ್ಲಿಂದ ಬಂದೀತೆಂಬ ವಾದದಲ್ಲಿ ಸತ್ಯವಿತ್ತು. ಆದರೆ ಮನೆ ಕೊಟ್ಟವನೇ ಕೂಲಿ ಕೊಟ್ಟ, ಕೂಲಿ ಕೊಟ್ಟವನೇ ವೈದ್ಯನನ್ನೂ ಕೊಟ್ಟ. ಕೆಲಸ ಹೋದರೆ ಮನೆಯೂ ಔಷಧವೂ ಒಂದೇ ದಿನ ಹೋಗುವ ಸ್ಥಿತಿ ಉಳಿದುಕೊಂಡಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ತೋಟಗಳಿಗೂ ಇ.ಎಸ್.ಐ. ಬಾಗಿಲನ್ನು ತೆರೆದಿದೆ, ಆದರೆ ಒಳಗೆ ಬರುವುದನ್ನು ಮಾಲೀಕನ ಇಚ್ಛೆಗೆ ಬಿಟ್ಟಿದೆ.

ಕಾನೂನಿನ ಚರಿತ್ರೆಯಲ್ಲಿ ಮುಂದಿನ ಹೆಜ್ಜೆಗಳು ನ್ಯಾಯಾಲಯಗಳಿಂದ ಬಂದವು. ಜೀವ ವಿಮಾ ನಿಗಮದಲ್ಲಿ ಹೊಸದಾಗಿ ಸೇರಿದ ಮಹಿಳೆಯೊಬ್ಬರು ಹೆರಿಗೆ ರಜೆ ಪಡೆದ ಮೇಲೆ ಕೆಲಸ ಕಳೆದುಕೊಂಡರು. ಸೇರುವಾಗ ತುಂಬಿದ ನಮೂನೆಯಲ್ಲಿ ಸುಳ್ಳು ಹೇಳಿದರೆಂಬುದು ಆಪಾದನೆ. ಆ ನಮೂನೆಯನ್ನು ತರಿಸಿ ನೋಡಿದ ಸುಪ್ರೀಂ ಕೋರ್ಟಿಗೆ ಅಚ್ಚರಿ ಕಾದಿತ್ತು: ಮುಟ್ಟು ಕ್ರಮವಾಗಿ ಆಗುತ್ತದೆಯೇ, ಕೊನೆಯ ಸಲ ಆದದ್ದು ಎಂದು, ಎಷ್ಟು ಸಲ ಗರ್ಭ ನಿಂತಿತು ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ಕುಂದೆಂದು 1991ರಲ್ಲಿ ನ್ಯಾಯಾಲಯವು ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಆ ಪ್ರಶ್ನೆಗಳನ್ನು ಕೈಬಿಡುವಂತೆಯೂ ತಿಳಿಸಿತು. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದವನು ಒಬ್ಬ ದಿನಗೂಲಿ. ಎಚ್.ಐ.ವಿ. ಸೋಂಕು ಕಂಡಿತೆಂದು ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದು ಅವನಿಗೆ ಕೆಲಸ ನಿರಾಕರಿಸಿತ್ತು. ಕೆಲಸ ಮಾಡಲು ಶಕ್ತನಾದವನನ್ನು, ಇತರರಿಗೆ ಅವನಿಂದ ಅಪಾಯವಿಲ್ಲದಿರುವಾಗ, ಸೋಂಕಿನ ಒಂದೇ ಕಾರಣದಿಂದ ದೂರ ಇಡಲಾಗದೆಂದು ತೀರ್ಪಾಯಿತು. ತನ್ನ ಹೆಸರನ್ನು ಮರೆಯಲ್ಲಿಟ್ಟುಕೊಂಡು ದಾವೆ ನಡೆಸಲು ಅವನಿಗೆ ಅನುಮತಿ ದೊರೆಯಿತು. ವರದಿಗಳಲ್ಲಿ ಅವನು ಎರಡು ಅಕ್ಷರಗಳಾಗಿ ಮಾತ್ರ ಉಳಿದಿದ್ದಾನೆ. ಹೆಸರಿಲ್ಲದ ಆ ಕೂಲಿಕಾರನಿಗೆ ನಾವೆಲ್ಲರೂ ಋಣಿಗಳು. 2017ರ ಎಚ್.ಐ.ವಿ. ಕಾಯ್ದೆಯು ಕೆಲಸ ಕೊಡಲು ಇಂಥ ಪರೀಕ್ಷೆಯನ್ನು ಷರತ್ತಾಗಿಡುವುದನ್ನು ನಿಷೇಧಿಸಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಆದರೆ ಈ ರಕ್ಷಣೆಗಳೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಪ್ರತಿ ವರ್ಷ ದಸರೆ ದೀಪಾವಳಿಯ ಹೊತ್ತಿಗೆ ಮರಾಠವಾಡದಿಂದ ಹೊರಟು ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರಗಳ ಮೂಲಕ ಬೆಳಗಾವಿಯವರೆಗೆ ಕಬ್ಬು ಕಡಿಯಲು ಬರುವ ಜೋಡಿಗಳನ್ನು ನಾವೆಲ್ಲ ಕಂಡಿದ್ದೇವೆ. ಗಂಡಹೆಂಡಿರಿಬ್ಬರೂ ಸೇರಿ ಒಂದು 'ಕೊಯ್ತಾ'. ಅವರಿಗೆ ಮುಕ್ಕಾದಮನು ಮುಂಗಡವಾಗಿ 'ಉಚಲ' ಕೊಟ್ಟಿರುತ್ತಾನೆ. ಒಂದು ದಿನ ತಪ್ಪಿದರೆ ದಂಡ. 2019ರಲ್ಲಿ ಬೀಡ್ ಜಿಲ್ಲೆಯ ಈ ಹೆಂಗಸರ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿಷಯ ಹೊರಬಿದ್ದಾಗ ಮಹಾರಾಷ್ಟ್ರ ಸರ್ಕಾರವು ನೀಲಂ ಗೋರ್‍ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಸಮೀಕ್ಷೆಗೊಳಗಾದ 82,309 ಹೆಂಗಸರಲ್ಲಿ 13,861 ಮಂದಿಯ ಗರ್ಭಕೋಶವನ್ನು ತೆಗೆಯಲಾಗಿತ್ತು. ಅವರಲ್ಲಿ ಅನೇಕರು ನಲವತ್ತೂ ದಾಟದವರು. ಶೌಚಾಲಯವಿಲ್ಲದ ಗದ್ದೆ, ಆರೈಕೆ ಕಾಣದ ಸೋಂಕು, ಕ್ಯಾನ್ಸರ್ ಎಂದು ಹೆದರಿಸಿದ ಖಾಸಗಿ ವೈದ್ಯರು, ಮುಟ್ಟಿನ ದಿನವೂ ತಪ್ಪದ ದಂಡ ಎಲ್ಲವೂ ಸೇರಿ ಆ ಹೆಂಗಸರನ್ನು ಶಸ್ತ್ರದ ಕೆಳಗೆ ಮಲಗಿಸಿದ್ದವು. ಶಸ್ತ್ರಚಿಕಿತ್ಸೆಗೆ ಮುಕ್ಕಾದಮರೇ ಸಾಲ ಕೊಟ್ಟರೆಂದೂ ವರದಿಗಳು ಬಂದವು. ಧಣಿಯು ಬಾಯಿಬಿಟ್ಟು ಆಜ್ಞಾಪಿಸಬೇಕಿಲ್ಲ. ದಂಡದ ಲೆಕ್ಕವೇ ಆಜ್ಞೆಯಾಗಿರುತ್ತದೆ. 1859ರ ಮುಂಗಡವೂ ಇಂದಿನ ಉಚಲವೂ ಒಂದೇ ಕುಲದವು.

ಕೊನೆಯದಾಗಿ ಗಡಿನಾಡಿನವರಿಗೇ ಮೀಸಲಾದ ಒಂದು ಮಾತು. ರೋಗಿಗೂ ವೈದ್ಯನಿಗೂ ನಡುವೆ ಗುಟ್ಟು ಉಳಿಯಬೇಕಾದರೆ ಇಬ್ಬರಿಗೂ ಒಂದು ಭಾಷೆ ಬೇಕು. ಮರಾಠಿ ಬಾರದ, ತಮಿಳು ಬಾರದ, ಮಲಯಾಳ ಬಾರದ ಕನ್ನಡದ ಕೂಲಿಯು ಆಸ್ಪತ್ರೆಗೆ ಹೋದಾಗ ಅವನ ಪರವಾಗಿ ಮಾತನಾಡುವವನು ಹಲವು ಸಲ ಅವನನ್ನು ಕರೆತಂದ ಮೇಸ್ತ್ರಿಯೇ. ಆಗ ಕಾಯ್ದೆಯಲ್ಲಿ ಎಷ್ಟು ಕಲಮುಗಳಿದ್ದರೇನು? ಧಣಿಯ ಮನುಷ್ಯನು ವೈದ್ಯನ ಕೋಣೆಯೊಳಗೆ, ರೋಗಿಯ ಬಾಯಾಗಿಯೇ, ಕುಳಿತಿರುತ್ತಾನೆ. ತಾಯಿಯೊಬ್ಬಳು ತನ್ನ ಹೊಟ್ಟೆನೋವನ್ನು ಮೇಸ್ತ್ರಿಯ ಮುಂದೆ ಹೇಳಲಾರದೆ 'ಏನೂ ಇಲ್ಲ' ಎಂದು ಎದ್ದು ಬರುವುದನ್ನು ಊಹಿಸುವುದು ಕಷ್ಟವಲ್ಲ.

ಭಾಷೆಯ ಪ್ರಶ್ನೆಯನ್ನು ನಾವು ಶಾಲೆ, ನಾಮಫಲಕ, ಜನಗಣತಿಗಳ ಪ್ರಶ್ನೆಯಾಗಿ ಎತ್ತುತ್ತ ಬಂದಿದ್ದೇವೆ. ಅದು ಆಸ್ಪತ್ರೆಯ ಪ್ರಶ್ನೆಯೂ ಹೌದು. ನಮ್ಮ ಸಂಘಗಳು ಎರಡು ಕೆಲಸಗಳನ್ನು ಕೈಗೊಳ್ಳಬಹುದು. ವಾರಕ್ಕೆ ಒಂದು ದಿನವಾದರೂ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಒಬ್ಬರು, ಹೆಂಗಸರಿಗಾಗಿ ಒಬ್ಬ ಹೆಂಗಸು, ನೆರವಿಗೆ ಕುಳಿತಿರಲಿ. ಇನ್ನೊಂದು, ಗಿರಣಿಯಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ನೆನಪುಗಳನ್ನು ಬರೆದಿಡೋಣ. ಟ್ರಂಕಿನ ತಳದಲ್ಲಿರುವ ಹಳೆಯ ವಿಮಾ ಕಾರ್ಡು, ರಜೆಚೀಟಿಗಳನ್ನು ರದ್ದಿಗೆ ಹಾಕದೆ ಸಂಘದ ಕಪಾಟಿಗೆ ತಂದಿಡೋಣ. ನೇಣುಗಂಬವೇರಿದವರ ಚರಿತ್ರೆಯ ಪಕ್ಕದಲ್ಲಿ, ಜ್ವರದ ಮೈಯಲ್ಲಿ ಭೋಂಗಾ ಕೇಳುತ್ತ ಮಲಗಿದ್ದವರ ಚರಿತ್ರೆಗೂ ಒಂದಿಷ್ಟು ಜಾಗವಿರಲಿ.