ಶುಶ್ರೂಷಕರ ವೃತ್ತಿಬಳಲಿಕೆ

ಕೆಲಸದ ಒತ್ತಡ ದೀರ್ಘಕಾಲ ಶಮನವಾಗದಿದ್ದಾಗ ಶುಶ್ರೂಷಕರಲ್ಲಿ ಕಾಣಿಸಿಕೊಳ್ಳುವ ದೇಹ ಮನಸ್ಸುಗಳ ಬಸವಳಿಕೆ, ರೂಢಿಯಲ್ಲಿ ಬರ್ನ್‌ಔಟ್. ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಇದನ್ನು ವಿವರಿಸಿದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಪ್ರಕಟಿಸಿದ ಮಾಪಕವು ಭಾವನಾತ್ಮಕ ಬಳಲಿಕೆ, ರೋಗಿಯನ್ನು ವ್ಯಕ್ತಿಯೆಂದು ಕಾಣದ ನಿರ್ಲಿಪ್ತತೆ, ಸಾಧನೆಯ ಭಾವದ ಕುಸಿತ ಎಂಬ ಮೂರು ಲಕ್ಷಣಗಳನ್ನು ಅಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ಇದನ್ನು ರೋಗವೆನ್ನದೆ ವೃತ್ತಿಸಂಬಂಧಿ ವಿದ್ಯಮಾನವೆಂದು ಗುರುತಿಸಿದೆ.

ರಾತ್ರಿಪಾಳಿ, ಸಿಬ್ಬಂದಿಯ ಕೊರತೆ, ಸಾವುಗಳ ನಿರಂತರ ಸಾಮೀಪ್ಯ, ರೋಗಿಗಳ ಬಂಧುಗಳ ಆಕ್ರೋಶ ಇದರ ಮುಖ್ಯ ಕಾರಣಗಳು. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ಇವುಗಳಿಗೆ ಜನಸಂದಣಿಯ ಭಾರವೂ ಸೇರುತ್ತದೆ: ಸುಮಾರು 12 ವರ್ಷಗಳಿಗೊಮ್ಮೆ ತ್ರ್ಯಂಬಕೇಶ್ವರ ಹಾಗೂ ನಾಸಿಕ್‌ಗಳಲ್ಲಿ ನಡೆಯುವ ಸಿಂಹಸ್ಥ ಕುಂಭಮೇಳದಲ್ಲಿ (ಹಿಂದಿನದು 2015) ತಾತ್ಕಾಲಿಕ ಚಿಕಿತ್ಸಾಲಯಗಳನ್ನೂ ನಡೆಸಬೇಕಾಗುತ್ತದೆ. 2021ರ ಏಪ್ರಿಲ್ 21ರಂದು ನಾಸಿಕ್‌ನ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕ ಸೋರಿ 20ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಇಂಥ ಸಾಮೂಹಿಕ ಸಾವುಗಳು ಆರೈಕೆ ಮಾಡಿದವರಲ್ಲೂ ಆಘಾತವನ್ನು ಉಳಿಸಬಲ್ಲವು.

ನಿದ್ರಾಹೀನತೆ, ಖಿನ್ನತೆ, ಕರ್ತವ್ಯಲೋಪಗಳು ಇದರೊಂದಿಗೆ ಕಂಡುಬರುವುದರಿಂದ ಸಮರ್ಪಕ ನೇಮಕಾತಿ, ಪಾಳಿಗಳ ನಡುವೆ ವಿಶ್ರಾಂತಿ, ಆಪ್ತಸಮಾಲೋಚನೆ ಅಗತ್ಯ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ (14416) ಉಚಿತವಾಗಿ ಲಭ್ಯವಿದೆ.