ಕೂಸಿಗೊಂದು ಕುರ್ಚಿ

ಹೋದ ಚಳಿಗಾಲದ ಒಂದು ಶನಿವಾರ ಸಂಜೆ ಮ್ಯೂನಿಕ್‌ನ ಒಂದು ರೆಸ್ಟೋರೆಂಟಿನ ಬಾಗಿಲಲ್ಲಿ ನಾವು ನಾಲ್ವರು ನಿಂತಿದ್ದೆವು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಒಳಗೆ ಅರ್ಧಕ್ಕರ್ಧ ಟೇಬಲ್ ಖಾಲಿ. ಬಾಗಿಲಿಗೆ ಬಂದ ಹುಡುಗಿ ನಗುತ್ತಲೇ ಹೇಳಿದಳು, ಸಂಜೆ ಆರರ ಮೇಲೆ ಮಕ್ಕಳಿಗೆ ಪ್ರವೇಶ ಇಲ್ಲ. ತಪ್ಪು ಕೇಳಿಸಿಕೊಂಡೆನೇನೋ ಅಂತ ನನ್ನ ಹರಕು ಜರ್ಮನ್‌ನಲ್ಲಿ ಮತ್ತೊಮ್ಮೆ ಕೇಳಿದೆ. ಅದೇ ಉತ್ತರ, ಅದೇ ನಗು.

ಮನೆಗೆ ಬಂದು ಹುಡುಗರಿಗೆ ಮೊಸರನ್ನ ತಿನ್ನಿಸಿ ಗೂಗಲ್ ಮುಂದೆ ಕೂತೆ. ಸಿಟ್ಟು ಬಂದಾಗ ನಮ್ಮಂಥವರು ಮಾಡೋದು ಅದನ್ನೇ. 2018ರಲ್ಲಿ ಜರ್ಮನಿಯ ರ‍್ಯೂಗನ್ ದ್ವೀಪದ ಒಂದು ರೆಸ್ಟೋರೆಂಟು ಸಂಜೆ ಐದರ ನಂತರ 14ರ ಒಳಗಿನ ಮಕ್ಕಳನ್ನು ಬಿಡುವುದಿಲ್ಲ ಅಂತ ಸಾರಿ ದೇಶವೆಲ್ಲ ಚರ್ಚೆಯಾಗಿತ್ತು. ದಕ್ಷಿಣ ಕೊರಿಯಾದಲ್ಲಂತೂ ‘ನೋ ಕಿಡ್ಸ್ ಝೋನ್’ ಅನ್ನೋದೇ ಒಂದು ಬೋರ್ಡು. ಅಲ್ಲಿನ ಮಾನವ ಹಕ್ಕು ಆಯೋಗ 2017ರಲ್ಲಿ ಇಂಥ ಒಂದು ಪ್ರಕರಣವನ್ನು ತಾರತಮ್ಯ ಅಂತಲೇ ಕರೆಯಿತು. ನೋಡಿದ್ರಾ, ನನ್ನ ಸಿಟ್ಟಿಗೆ ಆಧಾರ ಸಿಕ್ಕಿತು!

ಮರುದಿನ ಯಲಬುರ್ಗಾ ತಾಲ್ಲೂಕಿನ ನಮ್ಮೂರಿಗೆ ವಿಡಿಯೋ ಕಾಲ್ ಮಾಡಿ ಅವ್ವನ ಮುಂದೆ ಎಲ್ಲ ಹೇಳಿಕೊಂಡೆ. ಅವ್ವ ಶೇಂಗಾ ಸುಲಿಯುತ್ತ ಕೇಳಿದಳು. “ಹೋಟ್ಲಿನ ಒಳಗ ಬಿಡಲಿಲ್ಲಂದ್ರ ಅದೇನು ಹೊಸಾದೇನೋ ತಮ್ಮಾ? ನಾ ಹೋಟ್ಲ್ಯಾಗ ಕುಂತು ಚಾ ಕುಡದಿದ್ದು ನೀ ಸಾಲಿಗೆ ಹೋಗಾಕ ಹತ್ತಿದ ಮ್ಯಾಲೆ.”

ಹೌದಲ್ಲ! ಕೊಪ್ಪಳದ ಸಂತೆಗೆ ಹೋದಾಗ ಅಪ್ಪ ಒಬ್ಬನೇ ಹೋಟೆಲಿನೊಳಗೆ ಹೋಗುತ್ತಿದ್ದ. ಅವ್ವ, ನಾನು, ತಂಗಿ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂಡುತ್ತಿದ್ದೆವು. ಅಪ್ಪ ಪೇಪರಿನಲ್ಲಿ ಕಟ್ಟಿಸಿಕೊಂಡು ತಂದ ಒಗ್ಗರಣಿ-ಮಿರ್ಚಿ ರೊಟ್ಟಿಯ ಜೊತೆ ಸೇರುತ್ತಿತ್ತು. ಅದೇ ನಮ್ಮ ‘ಈಟಿಂಗ್ ಔಟ್’. ನಿಜಕ್ಕೂ ಔಟ್, ಹೊರಗೇ.

ಯಾಕೆ ಹೀಗೆ ಅಂದರೆ ನಮ್ಮಲ್ಲಿ ಹೋಟೆಲು ಹುಟ್ಟಿದ್ದೇ ಮನೆ ಬಿಟ್ಟು ಬಂದ ಗಂಡಸಿಗಾಗಿ. ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ಪರಸ್ಥಳದ ಗುಮಾಸ್ತರು, ಮಾಸ್ತರರು, ಓದುವ ಹುಡುಗರು. ದಕ್ಷಿಣ ಕನ್ನಡದಿಂದ ಬಂದ ಮೈಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದದ್ದು, ಇವತ್ತಿನ ಎಂ.ಟಿ.ಆರ್., ಮೊದಲು ‘ಬ್ರಾಹ್ಮಣ ಕಾಫಿ ಕ್ಲಬ್’ ಆಗಿತ್ತು. ಅಡುಗೆ ಮಾಡಿದ ಕೈ ಯಾವುದು ಅನ್ನುವುದು ಆಗ ಬೋರ್ಡಿನ ಮೇಲೆಯೇ ಬರೆಯಬೇಕಾದ ಸಂಗತಿ. ಹೊರಗೆ ಉಣ್ಣುವುದೇ ಅಂಜಿಕೆಯ ಕೆಲಸವಾಗಿದ್ದ ಕಾಲದಲ್ಲಿ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಬರೋದು ಇನ್ನೂ ದೂರದ ಮಾತು.

ಆಮೇಲೆ ಬಂತು ‘ಫ್ಯಾಮಿಲಿ ರೂಮ್’. ಗಂಗಾವತಿ, ಕುಷ್ಟಗಿ ಕಡೆ ಬೆಳೆದವರಿಗೆ ಇದನ್ನು ವಿವರಿಸೋದೇ ಬೇಡ. ಹಿಂದಿನ ಮೂಲೆ, ಪ್ಲೈವುಡ್ ಗೋಡೆ, ಎಣ್ಣೆ ಹಿಡಿದ ಪರದೆ, ಒಳಗೆ ತಿರುಗಿದರೂ ಗಾಳಿ ಬಾರದ ಫ್ಯಾನು. ಅವ್ವ ಮೊದಲ ಸಲ ಹೋಟೆಲಿನ ಚಹಾ ಕುಡಿದದ್ದು ಆ ಪರದೆಯ ಹಿಂದೆ, ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು. ನನಗೆ ಬೇರೆ ತಾಟು ಇರಲಿಲ್ಲ, ಅಪ್ಪನ ಪೂರಿಯಲ್ಲೇ ಅರ್ಧ. ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ಮೆನುವಿನ ಕೊನೆಗೆ ‘ರಾಯ್ಬರ್‌ಟೆಲ್ಲರ್’ ಅಂತ ಓದಿ ನಕ್ಕಿದ್ದೆ. ಅಂದರೆ ದರೋಡೆಕೋರನ ತಟ್ಟೆ. ಮಗುವಿಗೆ ಖಾಲಿ ತಟ್ಟೆ ಕೊಡುತ್ತಾರೆ, ಸಾಮಾನ್ಯವಾಗಿ ಪುಕ್ಕಟೆ. ಅಪ್ಪ-ಅಮ್ಮನ ತಟ್ಟೆಯಿಂದ ಕದ್ದು ತಿನ್ನಬೇಕು. ನಾವು ತಟ್ಟೆಯೇ ಇಲ್ಲದೆ ಕದಿಯುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಇಲ್ಲಿನ ಬಿಯರ್ ಗಾರ್ಡನ್ನುಗಳಿಗೆ ಇವತ್ತಿಗೂ ಬುತ್ತಿ ಒಯ್ಯಬಹುದು. 1812ರಲ್ಲಿ ಬವೇರಿಯಾದ ರಾಜ ಬಿಯರ್ ಮಾಡುವವರು ಬಿಯರು-ಬ್ರೆಡ್ಡು ಬಿಟ್ಟು ಬೇರೆ ಊಟ ಮಾರಬಾರದು ಅಂತ ಕಟ್ಟುಮಾಡಿದ್ದರಿಂದ ಜನ ಮನೆಯಿಂದ ಕಟ್ಟಿಕೊಂಡು ಬರುವುದು ರೂಢಿಯಾಯಿತು. ನಮ್ಮ ಬೇವಿನ ಗಿಡದ ಬದಲು ಅಲ್ಲಿ ಚೆಸ್ಟ್‌ನಟ್ ಮರ.

ಮಕ್ಕಳಿಗೇ ಬೇರೆ ಮೆನು ಅನ್ನೋದೂ ಪ್ರೀತಿಯಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1920ರಲ್ಲಿ ಪಾನನಿಷೇಧ ಬಂದು ಹೆಂಡದ ಆದಾಯ ನಿಂತಾಗ ಹೋಟೆಲಿನವರ ಕಣ್ಣಿಗೆ ಮಕ್ಕಳು ಬಿದ್ದರು. ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ 1921ರಲ್ಲಿ ಮಕ್ಕಳ ಮೆನು ತಂದಿತು. ನಷ್ಟವಾಗಿದ್ದಕ್ಕೆ ಬಾಗಿಲು ತೆರೆಯಿತು.

ಇಷ್ಟೆಲ್ಲ ಬರೆದರೂ ಅವ್ವನ ಮಾತು ಮುಗಿದಿರಲಿಲ್ಲ. “ನಿನ್ನ ಗೆಳ್ಯಾ ಎಲ್ಲಿ ಕುಂದರತಿದ್ದ, ನೆಪ್ಪೈತೇನು?” ಅಂದಳು. ನೆನಪಿತ್ತು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಊರ ಹೋಟೆಲಿನಲ್ಲಿ ಮಾತ್ರ ನಾನು ಒಳಗಿನ ಬೆಂಚಿಗೆ, ಅವನು ಹೊರಗಿನ ಕಟ್ಟೆಗೆ. ನನಗೆ ಸ್ಟೀಲ್ ಲೋಟ, ಅವನಿಗೆ ಗೋಡೆಯ ಸಂದಿಯಲ್ಲಿ ಬೇರೆ ಇಟ್ಟ ಲೋಟ, ಕುಡಿದು ಅವನೇ ತೊಳೆದಿಡಬೇಕು. ಹತ್ತನೇ ವಯಸ್ಸಿನಲ್ಲಿ ನಾನು ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ. ಗೂಗಲ್ ಇರಲಿಲ್ಲ ಅನ್ನೋದು ನೆಪವಾಗಲಾರದು.

ಸಂವಿಧಾನದ 15ನೇ ವಿಧಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರ ಇಡುವಂತಿಲ್ಲ ಅಂತ ಹೆಸರು ಹಿಡಿದೇ ಹೇಳುತ್ತದೆ. ವಯಸ್ಸು ಆ ಪಟ್ಟಿಯಲ್ಲಿ ಇಲ್ಲ, ಹೋಟೆಲು ಇದೆ. 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದ ನಮ್ಮ ಸೀಮೆಗೂ 1950ರಿಂದ ಅದೇ ಕಾನೂನು. ಆದರೂ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಆ ಊರಿನ ಜಗಳದ ಹಿಂದೆ ಇದ್ದದ್ದು ಕ್ಷೌರದಂಗಡಿಗೆ, ಹೋಟೆಲಿಗೆ ಬಿಡದ ತಕರಾರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಅದನ್ನು ಓದಿದ ಮೇಲೆ ಮ್ಯೂನಿಕ್‌ನ ಆ ಬಾಗಿಲ ಬಗ್ಗೆ ರಿವ್ಯೂ ಬರೆಯಲು ಕೈ ಏಳಲಿಲ್ಲ. ಆ ನಿಯಮ ಸರಿ ಅಂತಲ್ಲ, ಅದು ತಪ್ಪೇ. ಆದರೆ ನನ್ನ ಮಗ ದೊಡ್ಡವನಾದರೆ ಆ ಬಾಗಿಲು ತಾನೇ ತೆರೆಯುತ್ತದೆ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಹುಡುಗರನ್ನು ಅದೇ ಹೋಟೆಲಿಗೆ ಕರೆದೊಯ್ದೆ. ಈಗ ಎಲ್ಲರಿಗೂ ಪೇಪರ್ ಕಪ್ಪು. ಯಾರ ಮನಸ್ಸೂ ಬದಲಾಗದೆ ಎರಡು ಲೋಟದ ತಾಪತ್ರಯ ಮುಗಿದಿತ್ತು. ಗೆಳೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. “ಒಳಗ ಬಾರೋ” ಅಂದೆ. “ಇಲ್ಲೇ ಗಾಳಿ ಚೊಲೋ ಐತಿ” ಅಂದ. ಫ್ಯಾನಿನ ಕೆಳಗಿನ ಬೆಂಚು ಖಾಲಿ ಇತ್ತು. ಹೋಟೆಲಿನವನು ಬಜ್ಜಿ ಕರಿಯುತ್ತ ನಮ್ಮ ಕಡೆ ನೋಡಲಿಲ್ಲ. ಮಗಳು ಅಷ್ಟರಲ್ಲಿ ಅವನ ಪಕ್ಕ ಹತ್ತಿ ಕೂತು, ಅವನ ಮಿರ್ಚಿಯ ಖಾರ ತೆಗೆಸಿಕೊಂಡು ಬರೀ ಹಿಟ್ಟು ತಿನ್ನುತ್ತಿದ್ದಳು. ನಾನೂ ನನ್ನ ಕಪ್ಪು ಹಿಡಿದು ಹೊರಗೆ ಬಂದೆ.