ಆಸ್ತಿ ವಿವಾದಗಳಲ್ಲಿ ಸರ್ಕಾರಿ ಅಧಿಕಾರಿಗಳ ನ್ಯಾಯಾಂಗ ನಿಂದನೆ

ಆಸ್ತಿಗೆ ಸಂಬಂಧಿಸಿದ ವಿವಾದದಲ್ಲಿ ನ್ಯಾಯಾಲಯ ನೀಡಿದ ತೀರ್ಪು, ಆದೇಶ ಅಥವಾ ತಡೆಯಾಜ್ಞೆಯನ್ನು ಸರ್ಕಾರಿ ಅಧಿಕಾರಿಯು ಉದ್ದೇಶಪೂರ್ವಕವಾಗಿ ಪಾಲಿಸದಿರುವುದು ಭಾರತದ ಕಾನೂನಿನಲ್ಲಿ ಸಿವಿಲ್ ನ್ಯಾಯಾಂಗ ನಿಂದನೆ ಎನಿಸುತ್ತದೆ. ಭೂಸ್ವಾಧೀನ, ಕಟ್ಟಡಗಳ ತೆರವು, ಖಾತೆ ಬದಲಾವಣೆ, ಪರಿಹಾರಧನ ಪಾವತಿ ಮುಂತಾದ ವಿಷಯಗಳಲ್ಲಿ ಇಂಥ ಪ್ರಕರಣಗಳು ಉದ್ಭವಿಸುತ್ತವೆ. ಖಾಸಗಿ ವ್ಯಕ್ತಿಗಳ ನಡುವಿನ ವ್ಯಾಜ್ಯದಲ್ಲಿ ತೀರ್ಪನ್ನು ಜಾರಿಗೊಳಿಸಲು ಕಂದಾಯ ಇಲಾಖೆ ಮತ್ತು ಪೊಲೀಸರ ನೆರವು ದೊರೆಯುತ್ತದೆ. ಸರ್ಕಾರವೇ ಪ್ರತಿವಾದಿಯಾದಾಗ ಆದೇಶ ಪಾಲಿಸಬೇಕಾದವರೂ ಅದನ್ನು ಜಾರಿಗೊಳಿಸಬೇಕಾದವರೂ ಒಂದೇ ಆಡಳಿತಕ್ಕೆ ಸೇರಿರುತ್ತಾರೆ. ಆದ್ದರಿಂದ ಗೆದ್ದ ಪ್ರಜೆಗೆ ನಿಂದನಾ ಅರ್ಜಿಯು ಅನೇಕ ವೇಳೆ ಕೊನೆಯ ದಾರಿಯಾಗಿ ಉಳಿಯುತ್ತದೆ.

ಕಾನೂನಿನ ನೆಲೆ

ಸಂವಿಧಾನದ 129ನೆಯ ವಿಧಿಯು ಸುಪ್ರೀಂ ಕೋರ್ಟಿಗೂ 215ನೆಯ ವಿಧಿಯು ಹೈಕೋರ್ಟುಗಳಿಗೂ ತಮ್ಮ ನಿಂದನೆಗಾಗಿ ಶಿಕ್ಷಿಸುವ ಅಧಿಕಾರವನ್ನು ನೀಡಿವೆ. ಕಾರ್ಯವಿಧಾನವನ್ನು ನ್ಯಾಯಾಂಗ ನಿಂದನೆ ಕಾಯ್ದೆ, 1971 ನಿಗದಿಪಡಿಸುತ್ತದೆ. ಅದರ 2(ಬಿ) ಪ್ರಕರಣದ ಪ್ರಕಾರ, ಆದೇಶದ ಉದ್ದೇಶಪೂರ್ವಕ ಉಲ್ಲಂಘನೆ ಮಾತ್ರವಲ್ಲದೆ, ನ್ಯಾಯಾಲಯಕ್ಕೆ ನೀಡಿದ ವಾಗ್ದಾನವನ್ನು ಉದ್ದೇಶಪೂರ್ವಕವಾಗಿ ಮುರಿಯುವುದೂ ಸಿವಿಲ್ ನಿಂದನೆಯೇ ಆಗಿದೆ.

12ನೆಯ ಪ್ರಕರಣದಡಿ ಗರಿಷ್ಠ 6 ತಿಂಗಳ ಸಾದಾ ಸೆರೆವಾಸ, ಅಥವಾ 2,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಕ್ಷಮೆ ಯಾಚಿಸಿದರೆ ಆರೋಪಿಯನ್ನು ಬಿಡುಗಡೆ ಮಾಡಬಹುದು ಅಥವಾ ಶಿಕ್ಷೆಯನ್ನು ಮನ್ನಾ ಮಾಡಬಹುದು. 20ನೆಯ ಪ್ರಕರಣದಂತೆ, ನಿಂದನೆ ನಡೆದ ದಿನದಿಂದ ಒಂದು ವರ್ಷ ಕಳೆದ ಮೇಲೆ ನಡವಳಿ ಆರಂಭಿಸುವಂತಿಲ್ಲ. ಅಧೀನ ನ್ಯಾಯಾಲಯಗಳ ನಿಂದನೆಯನ್ನು ಆಯಾ ಹೈಕೋರ್ಟ್ ವಿಚಾರಿಸುತ್ತದೆ.

ಸಿವಿಲ್ ನ್ಯಾಯಾಲಯ ನೀಡಿದ ತಾತ್ಕಾಲಿಕ ತಡೆಯಾಜ್ಞೆಯನ್ನು ಮೀರಿದಾಗ ಇನ್ನೊಂದು ಮಾರ್ಗವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದ 2ಎ ನಿಯಮದಂತೆ, ಉಲ್ಲಂಘಿಸಿದವರ ಆಸ್ತಿಯನ್ನು ಜಪ್ತಿ ಮಾಡಬಹುದು ಮತ್ತು ಅವರನ್ನು 3 ತಿಂಗಳವರೆಗೆ ಸಿವಿಲ್ ಸೆರೆಯಲ್ಲಿ ಇರಿಸಬಹುದು.

ನಿಂದನೆಯ ವಿಚಾರಣೆ

ನಿಂದನಾ ನಡವಳಿಯಲ್ಲಿ ಜಮೀನು ಯಾರದೆಂಬ ಮೂಲ ಪ್ರಶ್ನೆಯನ್ನು ಮತ್ತೆ ತೆರೆಯಲಾಗುವುದಿಲ್ಲ. ಮುಖ್ಯವಾಗಿ ಮೂರು ಅಂಶಗಳನ್ನು ನೋಡಲಾಗುತ್ತದೆ: ಆದೇಶವು ಸ್ಪಷ್ಟವಾಗಿತ್ತೇ, ಅಧಿಕಾರಿಗೆ ಅದು ತಿಳಿದಿತ್ತೇ, ತಿಳಿದೂ ಬೇಕೆಂದೇ ಅದನ್ನು ಮೀರಲಾಯಿತೇ. ಆದೇಶಕ್ಕೆ ಎರಡು ಅರ್ಥಗಳು ಸಾಧ್ಯವಿದ್ದರೆ, ಅಥವಾ ಪಾಲನೆ ನಿಜವಾಗಿಯೂ ಅಸಾಧ್ಯವಾಗಿದ್ದರೆ, ನಿಂದನೆ ಸಾಬೀತಾಗದೆ ಹೋಗಬಹುದು. ಆದೇಶವು ತಪ್ಪೆಂದು ಅಧಿಕಾರಿ ಭಾವಿಸಿದರೆ ಮೇಲ್ಮನವಿ ಸಲ್ಲಿಸಿ ತಡೆ ಪಡೆಯಬೇಕು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಆದೇಶವು ತಡೆಹಿಡಿಯಲ್ಪಟ್ಟಂತೆ ಆಗುವುದಿಲ್ಲ.

ಪ್ರಮುಖ ಪ್ರಕರಣಗಳು

ಬಿಹಾರ ರಾಜ್ಯ ವಿರುದ್ಧ ರಾಣಿ ಸೋನಾಬತಿ ಕುಮಾರಿ (1960): ಜಮೀನ್ದಾರಿ ಪದ್ಧತಿಯನ್ನು ರದ್ದುಪಡಿಸಿದ ಬಿಹಾರ ಭೂಸುಧಾರಣಾ ಕಾಯ್ದೆ, 1950ನ್ನು ಪ್ರಶ್ನಿಸಿ ಜಮೀನ್ದಾರಿಣಿಯೊಬ್ಬರು ಸಿವಿಲ್ ದಾವೆ ಹೂಡಿ ತಡೆಯಾಜ್ಞೆ ಪಡೆದಿದ್ದರು. ಅದು ಜಾರಿಯಲ್ಲಿದ್ದಾಗಲೇ ಸರ್ಕಾರವು ಅವರ ಎಸ್ಟೇಟನ್ನು ತನ್ನದಾಗಿಸಿಕೊಳ್ಳುವ ಅಧಿಸೂಚನೆ ಹೊರಡಿಸಿತು. ಇದಕ್ಕಾಗಿ ಸರ್ಕಾರದ ಆಸ್ತಿಯನ್ನು ಜಪ್ತಿ ಮಾಡಲು ನೀಡಿದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಕಾಯ್ದೆಯು ಬಹುಪಾಲು ಸಿಂಧುವೆಂದು 1952ರಲ್ಲೇ ತೀರ್ಮಾನವಾಗಿತ್ತು. ಆದರೂ ಆದೇಶ ಮೀರಿದ ಹೊಣೆಯಿಂದ ಸರ್ಕಾರ ಪಾರಾಗಲಿಲ್ಲ. ತಡೆಯಾಜ್ಞೆಗೆ ರಾಜ್ಯವೂ ಇತರ ಪಕ್ಷಕಾರರಂತೆಯೇ ಬದ್ಧ ಎಂಬ ತತ್ತ್ವ ಇಲ್ಲಿ ಸ್ಥಿರಪಟ್ಟಿತು.

ಮೊಹಮ್ಮದ್ ಅಸ್ಲಂ ವಿರುದ್ಧ ಭಾರತ ಒಕ್ಕೂಟ (1994): ಅಯೋಧ್ಯೆಯಲ್ಲಿ ಉತ್ತರ ಪ್ರದೇಶ ಸರ್ಕಾರವು 1991ರ ಅಕ್ಟೋಬರಿನಲ್ಲಿ 2.77 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡಿತು. ಅಲ್ಲಿ ಶಾಶ್ವತ ನಿರ್ಮಾಣ ಕೂಡದೆಂದು ಅಲಹಾಬಾದ್ ಹೈಕೋರ್ಟ್ ಆದೇಶಿಸಿತ್ತು. ಆದೇಶಗಳನ್ನು ಪಾಲಿಸುವುದಾಗಿ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಭರವಸೆ ನೀಡಿತ್ತು. 1992ರ ಜುಲೈನಲ್ಲಿ ಆ ಜಾಗದಲ್ಲಿ ಕಾಂಕ್ರೀಟ್ ವೇದಿಕೆ ಎದ್ದಿತು. ಸಾಧುಗಳು ತಾವಾಗಿಯೇ ಕಟ್ಟಿದರು, ಬಲಪ್ರಯೋಗದಿಂದ ತಡೆಯುವುದು ಸಾಧ್ಯವಿರಲಿಲ್ಲ ಎಂಬ ಸರ್ಕಾರದ ಸಮರ್ಥನೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ಅವರಿಗೆ ಸಾಂಕೇತಿಕವಾಗಿ ಒಂದು ದಿನದ ಸೆರೆವಾಸ ಮತ್ತು 2,000 ರೂಪಾಯಿ ದಂಡ ವಿಧಿಸಲಾಯಿತು.

ಗುಂಟೂರು ಗುಡಿಸಲು ತೆರವು ಪ್ರಕರಣ (2025): ಆಂಧ್ರಪ್ರದೇಶದ ಗುಂಟೂರು ಜಿಲ್ಲೆಯಲ್ಲಿ ತಹಶೀಲ್ದಾರರೊಬ್ಬರು ಹೈಕೋರ್ಟಿನ ನಿರ್ದೇಶನವನ್ನು ಕಡೆಗಣಿಸಿ ಬಡವರ ಗುಡಿಸಲುಗಳನ್ನು ಕೆಡವಿಸಿದ್ದರು. ಹೈಕೋರ್ಟ್ ಅವರಿಗೆ 2 ತಿಂಗಳ ಸೆರೆವಾಸ ವಿಧಿಸಿತು. ಅಷ್ಟರಲ್ಲಿ ಅವರು ಡೆಪ್ಯುಟಿ ಕಲೆಕ್ಟರ್ ಹುದ್ದೆಗೆ ಏರಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸೆರೆವಾಸದ ಬದಲಿಗೆ ಅವರಿಗೆ ತಹಶೀಲ್ದಾರ್ ಹುದ್ದೆಗೆ ಹಿಂಬಡ್ತಿ ನೀಡುವಂತೆ ಆದೇಶಿಸಿ, 1 ಲಕ್ಷ ರೂಪಾಯಿ ದಂಡ ವಿಧಿಸಿತು. ಅಧಿಕಾರಿ ಎಷ್ಟೇ ಉನ್ನತ ಹುದ್ದೆಯಲ್ಲಿದ್ದರೂ ನ್ಯಾಯಾಲಯದ ಆದೇಶಕ್ಕೆ ಬದ್ಧನೆಂಬುದನ್ನು ತೀರ್ಪು ಒತ್ತಿ ಹೇಳಿತು.

ಕರ್ನಾಟಕದಲ್ಲಿ

ಬೆಂಗಳೂರು ಅರಮನೆ ಮೈದಾನದ ವಿವಾದವು ಈ ವಿಷಯದಲ್ಲಿ ಕರ್ನಾಟಕದ ಹೆಸರಾಂತ ಉದಾಹರಣೆಯಾಗಿದೆ. 1996ರಲ್ಲಿ ರಾಜ್ಯವು ಅರಮನೆ ಮತ್ತು ಅದರ ಮೈದಾನವನ್ನು ಸ್ವಾಧೀನಪಡಿಸಿಕೊಳ್ಳಲು ಕಾಯ್ದೆ ಮಾಡಿತು. ಹೈಕೋರ್ಟ್ ಅದನ್ನು ಎತ್ತಿಹಿಡಿದ ಬಳಿಕ ವಿವಾದವು ಸುಪ್ರೀಂ ಕೋರ್ಟ್ ತಲುಪಿತು. ಈ ನಡುವೆ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ ಮೈದಾನದ 15 ಎಕರೆಗೂ ಹೆಚ್ಚು ಭೂಮಿ ಬೇಕಾಯಿತು. ಅದಕ್ಕೆ ಪ್ರತಿಯಾಗಿ ರಾಜವಂಶದ ವಾರಸುದಾರರಿಗೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು (ಟಿಡಿಆರ್) ನೀಡುವ ವಿಚಾರದಲ್ಲಿ ನಿಂದನಾ ಅರ್ಜಿಗಳು ದಾಖಲಾದವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕುಪತ್ರಗಳನ್ನು 6 ವಾರಗಳೊಳಗೆ ನೀಡುವಂತೆ ಸೂಚಿಸಿತು. ಇದರಿಂದ ಭಾರೀ ಹೊರೆ ಬೀಳುವುದೆಂದು ವಾದಿಸಿದ ರಾಜ್ಯವು 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.

ಮಿತಿಗಳು ಮತ್ತು ಚರ್ಚೆ

ನಿಂದನೆಯ ವಿಚಾರಣೆಯಲ್ಲಿ ನ್ಯಾಯಾಲಯವು ಮೂಲ ಆದೇಶದಲ್ಲಿಲ್ಲದ ಹೊಸ ಪರಿಹಾರವನ್ನು ಸೇರಿಸುವಂತಿಲ್ಲ. ಆದರೆ ನಿಂದನೆಯಿಂದ ಗಳಿಸಿದ ಲಾಭವನ್ನು ನಿಂದಕನು ಅನುಭವಿಸಲು ಬಿಡಬಾರದೆಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1996ರ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮತ್ತು ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಮಾನ್ಯ ಮಾಡಿದೆ. ಅಲ್ಲಿ ನಿಂದನೆ ಎಸಗಿದವರು ಖಾಸಗಿ ನಿರ್ಮಾಣಗಾರರು.

ಅಧಿಕಾರಿಗಳನ್ನು ಪದೇಪದೇ ಖುದ್ದು ಹಾಜರಾಗುವಂತೆ ಕರೆಸುವ ಪರಿಪಾಠವೂ ಟೀಕೆಗೆ ಒಳಗಾಗಿದೆ. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕುರಿತು ಮಾರ್ಗಸೂಚಿ ರೂಪಿಸಿತು. ವೈಯಕ್ತಿಕ ಹಾಜರಾತಿ ಅಪವಾದವಾಗಿರಬೇಕು, ಹಾಜರಾತಿ ಅಗತ್ಯವಾದರೆ ಮೊದಲು ವಿಡಿಯೋ ಕಾನ್ಫರೆನ್ಸ್ ಅವಕಾಶ ನೀಡಬೇಕು, ಅಧಿಕಾರಿಯ ಉಡುಪಿನ ಬಗ್ಗೆ ಅನಗತ್ಯ ಟೀಕೆ ಮಾಡಬಾರದು ಎಂದು ಅದರಲ್ಲಿ ಹೇಳಲಾಗಿದೆ.

ಇನ್ನೊಂದೆಡೆ, 2024ರ ನವೆಂಬರ್ 13ರಂದು ನೀಡಿದ ಕಟ್ಟಡ ತೆರವು ಕುರಿತ ತೀರ್ಪಿನಲ್ಲಿ, ಕೆಡಹುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ನೀಡಬೇಕೆಂದು ಅದೇ ನ್ಯಾಯಾಲಯ ವಿಧಿಸಿತು. ನಿರ್ದೇಶನ ಉಲ್ಲಂಘಿಸಿದರೆ ನಿಂದನಾ ಕ್ರಮದೊಂದಿಗೆ, ಕೆಡವಿದ ಆಸ್ತಿಯನ್ನು ಮೊದಲಿನಂತೆ ಮಾಡಿಕೊಡುವ ವೆಚ್ಚವನ್ನು ಅಧಿಕಾರಿಗಳೇ ಸ್ವಂತವಾಗಿ ಭರಿಸಬೇಕಾಗುತ್ತದೆ. ಸೆರೆವಾಸ ಅಥವಾ 2,000 ರೂಪಾಯಿ ದಂಡದಿಂದ ಮನೆ ಕಳೆದುಕೊಂಡವನಿಗೆ ಮನೆ ಮರಳುವುದಿಲ್ಲವಾದ್ದರಿಂದ, ನಷ್ಟ ಭರ್ತಿಯ ಈ ಹೊಣೆಗಾರಿಕೆಯು ವಿಶೇಷ ಮಹತ್ವ ಪಡೆದಿದೆ.

ಇವನ್ನೂ ನೋಡಿ

ಭಾರತದ ಸುಪ್ರೀಂ ಕೋರ್ಟ್
ಕರ್ನಾಟಕ ಹೈಕೋರ್ಟ್
ಭೂಸ್ವಾಧೀನ
ಬೆಂಗಳೂರು ಅರಮನೆ